ನೋಡೋಣ ಎಂಬ ಉತ್ತರ

‘ಹೆಮ್ಮೆ’ ಎಂಬುದು ಹಳಗನ್ನಡದ ‘ಪೆರ್ಮೆ’ ಎಂಬ ಮಾತಿನ ಇಂದಿನ ರೂಪ. ಹಿರಿದಾಗಿರುವಿಕೆ, ದೊಡ್ಡತನ ಎಂಬುದು ಅದರ ಮೂಲಾರ್ಥ. ಇಂದು ನಾವು ಆ ಮಾತನ್ನು ಹೆಚ್ಚಾಗಿ ದೊಡ್ಡತನವನ್ನು ಕಂಡಾಗ ಮನಸ್ಸಿನಲ್ಲಿ ಏಳುವ ಉಬ್ಬಿಗೆ ಬಳಸುತ್ತೇವೆ. ಅರ್ಥ ವಸ್ತುವಿನಿಂದ ಮನಸ್ಸಿನ ಕಡೆಗೆ ಸರಿದಿದೆ. ಶಬ್ದದ ಈ ಚರಿತ್ರೆ ತಂದೆತಾಯಿಯರಿಗೆ ಒಂದು ಎಚ್ಚರಿಕೆಯೂ ಹೌದು. ಮಕ್ಕಳ ವಿಷಯದಲ್ಲಿ ನಾವು ಪಡುವ ಹೆಮ್ಮೆ ಅವರಲ್ಲಿರುವ ಹಿರಿಮೆಯನ್ನು ಕಂಡು ಹುಟ್ಟಿದ್ದೋ, ಇಲ್ಲವೆ ನಮ್ಮೊಳಗಿನ ಉಬ್ಬು ಮಾತ್ರವೋ ಎಂದು ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.

ನಾನು ಕನ್ನಡ ಎಂ.ಎ. ಮಾಡಿ, ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಂಪ ರನ್ನರನ್ನು ಪಾಠ ಹೇಳಿ ನಿವೃತ್ತನಾದವನು. ನನ್ನ ಒಬ್ಬಳೇ ಮಗಳು ಭೌತವಿಜ್ಞಾನವನ್ನು ಓದಿದಳು. ಈಗ ಅದನ್ನೇ ಪಾಠ ಹೇಳುತ್ತಿದ್ದಾಳೆ. ‘ಕನ್ನಡ ಮೇಷ್ಟರ ಮನೆಯಲ್ಲಿ ಈ ವಿಜ್ಞಾನದ ಹುಚ್ಚು ಹೇಗೆ ಹುಟ್ಟಿತು?’ ಎಂದು ಸ್ನೇಹಿತರು ಕೇಳುವುದುಂಟು. ಆ ಪ್ರಶ್ನೆಯ ಒಳಗೆ ಒಂದು ನಂಬಿಕೆ ಅಡಗಿದೆ. ವಿಜ್ಞಾನವನ್ನು ಪ್ರೀತಿಸುವ ಮಗು ವಿಜ್ಞಾನಿಯ ಮನೆಯಲ್ಲೇ ಹುಟ್ಟಬೇಕು, ಇಲ್ಲವೆ ದುಬಾರಿ ಶಾಲೆಯಲ್ಲಿ ತಯಾರಾಗಬೇಕು ಎಂಬ ನಂಬಿಕೆ. ನನ್ನ ಅನುಭವ ಹಾಗೆ ಹೇಳುವುದಿಲ್ಲ. ಅಂಥ ಮಗುವನ್ನು ಬೆಳೆಸಲು ತಂದೆತಾಯಿಗೆ ವಿಜ್ಞಾನ ತಿಳಿದಿರಲೇಬೇಕೆಂಬ ನಿಯಮವಿಲ್ಲ. ಮಗುವಿನ ಪ್ರಶ್ನೆಯ ಜೊತೆಯಲ್ಲಿ ಸ್ವಲ್ಪ ದೂರ ನಡೆಯುವ ವ್ಯವಧಾನವಿದ್ದರೆ ಸಾಕು. ಇದನ್ನು ನಾಲ್ಕಾರು ನಿದರ್ಶನಗಳಿಂದ ವಿವರಿಸುವುದು ನನ್ನ ಇಂದಿನ ಮಾತಿನ ಉದ್ದೇಶ.

ವಿಜ್ಞಾನಪ್ರೀತಿ ಎಂದರೇನು ಎಂಬುದನ್ನು ಮೊದಲು ನೋಡಬೇಕು. ನಮ್ಮ ಊರುಗಳಲ್ಲಿ ಹತ್ತನೆಯ ತರಗತಿ ಮುಗಿದ ಕೂಡಲೇ ‘ಹುಡುಗ ಸೈನ್ಸ್ ತಗೊಂಡ’ ಎಂಬ ಮಾತು ಕೇಳಿಬರುತ್ತದೆ. ಆ ಮಾತಿನಲ್ಲಿ ವಿಜ್ಞಾನವೆಂದರೆ ವೈದ್ಯಕೀಯ ಇಲ್ಲವೆ ಇಂಜಿನಿಯರಿಂಗ್ ಕಾಲೇಜಿನ ಬಾಗಿಲಿಗೆ ಹೋಗುವ ಒಂದು ಸೇತುವೆ. ಸೇತುವೆಯನ್ನು ಯಾರೂ ಪ್ರೀತಿಸಬೇಕಾಗಿಲ್ಲ, ದಾಟಿದರೆ ಆಯಿತು. ಇನ್ನೊಂದು ಚಿತ್ರವನ್ನು ತಾವೂ ಕಂಡಿರಬೇಕು. 1928ರಲ್ಲಿ ಸಿ.ವಿ. ರಾಮನ್ ಅವರು ಮಾಡಿದ ಶೋಧದ ನೆನಪಿಗಾಗಿ ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತಿದ್ದೇವೆ. ಆ ದಿನ ಶಾಲೆಶಾಲೆಗಳಲ್ಲಿ ಪ್ರದರ್ಶನ. ಮಣ್ಣಿನ ಜ್ವಾಲಾಮುಖಿ ಅಡಿಗೆ ಸೋಡಾದ ನೊರೆಯನ್ನು ಉಗುಳುತ್ತದೆ. ಅದನ್ನು ರಾತ್ರಿಯೆಲ್ಲ ಕುಳಿತು ಮಾಡಿದವರು ಅಪ್ಪ. ಬಣ್ಣ ಬಳಿದವರು ಅಮ್ಮ. ಪಕ್ಕದಲ್ಲಿ ನಿಂತು ಬಾಯಿಪಾಠ ಒಪ್ಪಿಸುವುದು ಮಾತ್ರ ಮಗುವಿನ ಪಾಲು. ಬಹುಮಾನ ಬಂದಾಗ ಹೆಮ್ಮೆಪಡುವವರು ಯಾರೆಂದು ನಾನು ಹೇಳಬೇಕಾಗಿಲ್ಲ.

ಕನ್ನಡದಲ್ಲಿ ‘ಬಗೆ’ ಎಂಬ ಒಂದು ಸೊಗಸಾದ ಧಾತುವಿದೆ. ಬಗೆಯುವುದು ಎಂದರೆ ಆಲೋಚಿಸುವುದು. ಬಗೆಯುವುದು ಎಂದರೆ ಕೈಯಿಂದ ಮಣ್ಣನ್ನು ತೋಡುವುದೂ ಹೌದು. ಮಕ್ಕಳ ವಿಜ್ಞಾನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ತಿಳಿದಿಲ್ಲ. ಕಂಡದ್ದಕ್ಕೆ ಬೆರಗಾಗುವುದು ಎಲ್ಲ ಮಕ್ಕಳಿಗೂ ಸಹಜ. ಬೆರಗಾದ ಮೇಲೆ ಕೈ ಹಾಕಿ ತೋಡಿ ನೋಡುವ ಅಭ್ಯಾಸ ಕೆಲವರಲ್ಲಿ ಉಳಿಯುತ್ತದೆ, ಹಲವರಲ್ಲಿ ಅಳಿಯುತ್ತದೆ. ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಮನೆಯಲ್ಲಿ ನಿಶ್ಚಯವಾಗುತ್ತದೆ.

ಇದಕ್ಕೆ ಚರಿತ್ರೆಯಲ್ಲಿ ಒಂದು ಚೆಲುವಾದ ನಿದರ್ಶನವಿದೆ. ವಿದ್ಯುತ್ತು, ಕಾಂತತ್ವ, ಬೆಳಕು ಇವು ಒಂದೇ ಕುಲಕ್ಕೆ ಸೇರಿದವೆಂದು ಗಣಿತದಿಂದ ತೋರಿಸಿಕೊಟ್ಟ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1831ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಹುಟ್ಟಿದ. ಅವನಿಗೆ ಮೂರು ವರ್ಷ ತುಂಬುವ ಮೊದಲೇ ಮನೆಯವರು ಬರೆದ ಒಂದು ಪತ್ರ ಉಳಿದುಬಂದಿದೆ. ಬಾಗಿಲು, ಬೀಗ, ಕರೆಗಂಟೆ ಯಾವುದನ್ನು ಕಂಡರೂ, ಅದು ಹೇಗೆ ನಡೆಯುತ್ತದೆ ತೋರಿಸಿ ಎಂದು ಮಗು ಪೀಡಿಸುತ್ತದೆಂದೂ, ಗಂಟೆಯ ತಂತಿ ಗೋಡೆಯೊಳಗೆ ಎಲ್ಲಿ ಹಾಯ್ದು ಹೋಗುತ್ತದೆಂಬುದನ್ನು ಹುಡುಕುತ್ತದೆಂದೂ ಅದರಿಂದ ತಿಳಿಯುತ್ತದೆ. ಎಂಟನೆಯ ವಯಸ್ಸಿಗೆ ಹುಡುಗ ತಾಯಿಯನ್ನು ಕಳೆದುಕೊಂಡ. ಆಮೇಲೆ ಅವನ ಪ್ರಶ್ನೆಗಳಿಗೆ ಜೊತೆಯಾದವನು ತಂದೆ. ಅವನು ವಕೀಲಿಕೆ ಓದಿದ್ದ ಜಮೀನುದಾರ. ಯಂತ್ರಗಳಲ್ಲಿ ಆಸಕ್ತಿಯಿದ್ದವನು, ವೃತ್ತಿಯಿಂದ ವಿಜ್ಞಾನಿಯಲ್ಲ. ಮಗನನ್ನು ಎಡಿನ್‌ಬರೋದ ವಿದ್ವತ್ಸಭೆಗಳಿಗೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದ.

ಹುಡುಗನಿಗೆ ಹದಿನಾಲ್ಕು ವರ್ಷವಾದಾಗ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಾವು ಮನೆಯಲ್ಲಿ ಮಾಡಿ ನೋಡಬಹುದು. ಹಲಗೆಯ ಮೇಲೆ ಒಂದು ಗುಂಡುಸೂಜಿ ನೆಟ್ಟು, ಅದಕ್ಕೆ ದಾರದ ಕುಣಿಕೆ ಹಾಕಿ, ಕುಣಿಕೆಯೊಳಗೆ ಪೆನ್ಸಿಲ್ ಇಟ್ಟು, ದಾರವನ್ನು ಬಿಗಿಯಾಗಿ ಹಿಡಿದು ಸುತ್ತಿಸಿದರೆ ವೃತ್ತ ಮೂಡುತ್ತದೆ. ಎರಡು ಸೂಜಿಗಳನ್ನು ನೆಟ್ಟು ಒಂದೇ ಕುಣಿಕೆಯನ್ನು ಎರಡಕ್ಕೂ ಹಾಕಿ ಸುತ್ತಿಸಿದರೆ ದೀರ್ಘವೃತ್ತ. ಇವೆರಡೂ ಎಲ್ಲರಿಗೂ ಗೊತ್ತಿದ್ದ ಸಂಗತಿಗಳು. ದಾರವನ್ನು ಒಂದು ಸೂಜಿಗೆ ಒಮ್ಮೆ, ಇನ್ನೊಂದಕ್ಕೆ ಎರಡು ಬಾರಿ ಹೋಗಿಬರುವಂತೆ ಸುತ್ತಿದರೆ ಏನಾದೀತು ಎಂದು ಹುಡುಗ ನೋಡಿದ. ಒಂದು ತುದಿ ಚೂಪಾಗಿ ಇನ್ನೊಂದು ತುದಿ ಅಗಲವಾದ, ಮೊಟ್ಟೆಯಂಥ ಆಕೃತಿ ಮೂಡಿತು. ಸುತ್ತುಗಳ ಸಂಖ್ಯೆಯನ್ನು ಬದಲಾಯಿಸಿದಂತೆ ಆಕೃತಿಯೂ ಬದಲಾಯಿತು; ಅದರ ಹಿಂದಿನ ಗಣಿತವನ್ನೂ ಅವನು ಬರೆದ. ತಂದೆ ಆ ಹಾಳೆಗಳನ್ನು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಫೋರ್ಬ್ಸ್ ಅವರಲ್ಲಿಗೆ ಒಯ್ದ. ಇಂಥ ವಕ್ರರೇಖೆಗಳನ್ನು ಹಿಂದೆ ದೊಡ್ಡ ತತ್ತ್ವಜ್ಞಾನಿ ದೆಕಾರ್ತ್ ಚರ್ಚಿಸಿದ್ದನಾದರೂ ಹುಡುಗನ ವಿಧಾನ ಅದಕ್ಕಿಂತ ಸರಳವೆಂದು ತಿಳಿದುಬಂತು. 1846ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯಲ್ಲಿ ಆ ಪ್ರಬಂಧವನ್ನು ಫೋರ್ಬ್ಸ್ ಅವರೇ ಓದಿದರು. ಬರೆದವನು ಸಭೆಯ ಮುಂದೆ ನಿಲ್ಲಲು ತೀರ ಚಿಕ್ಕವನಾಗಿದ್ದ.

ತಂದೆಯ ಪಾತ್ರ ಎಷ್ಟೆಂಬುದನ್ನು ಗಮನಿಸಬೇಕು. ದಾರವನ್ನು ಸುತ್ತಿದವನು ಅವನಲ್ಲ, ಗಣಿತ ಬರೆದವನೂ ಅಲ್ಲ. ಮಗನ ಆಟದಲ್ಲಿ ಏನೋ ಇದೆ ಎಂದು ಕಂಡು, ಬಲ್ಲವರ ಬಾಗಿಲನ್ನು ತಟ್ಟಿದ, ಅಷ್ಟೆ. ಆ ಪಿತೃಹೃದಯ ಎಷ್ಟು ಹಿಗ್ಗಿರಬೇಕೆಂದು ಊಹಿಸಬಹುದು. ಅದು ‘ಪೆರ್ಮೆ’ಯನ್ನು ಕಂಡು ಹುಟ್ಟಿದ ಹೆಮ್ಮೆ.

‘ಅವನು ಅನುಕೂಲಸ್ಥ. ಬಡವರ ಮನೆಯಲ್ಲಿ ಇದು ಸಾಧ್ಯವೆ?’ ಎಂದು ಕೇಳುವವರಿಗೆ ಮೈಕೇಲ್ ಫ್ಯಾರಡೆಯ ಬಾಳು ಉತ್ತರ ಕೊಡುತ್ತದೆ. 1791ರಲ್ಲಿ ಹುಟ್ಟಿದ ಅವನು ಕಮ್ಮಾರನ ಮಗ. ಹದಿನಾಲ್ಕನೆಯ ವಯಸ್ಸಿನಲ್ಲಿ ಲಂಡನ್ನಿನ ಒಬ್ಬ ಪುಸ್ತಕ ಕಟ್ಟುವವನ ಬಳಿ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ಯಾವಂತನಾದ. ಅವುಗಳಲ್ಲಿ ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕವೂ ಒಂದು. ಮುಂದೆ ಇವನು ಜಗತ್ಪ್ರಸಿದ್ಧ ವಿಜ್ಞಾನಿಯಾದ ಮೇಲೆ, ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ಸಮಯದಲ್ಲಿ ಎಳೆಯರಿಗಾಗಿ ನಡೆಯುತ್ತಿದ್ದ ಉಪನ್ಯಾಸಗಳಲ್ಲಿ, ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಮಾತನಾಡಿದ. ಆ ಉಪನ್ಯಾಸಗಳು 1861ರಲ್ಲಿ ಪುಸ್ತಕವಾಗಿ ಬಂದವು. ಆ ಪುಸ್ತಕ ನಮ್ಮ ಮನೆಗೆ ಬಂದ ರೀತಿಯನ್ನು ಹೇಳಿದರೆ ನನ್ನ ಮಾತು ಇನ್ನಷ್ಟು ಸ್ಪಷ್ಟವಾದೀತು.

ಮಗಳಿಗೆ ಆಗ ಏಳು ವರ್ಷ. ಹಾಸನದಲ್ಲಿ ಬಾಡಿಗೆ ಮನೆ. ಬೇಸಿಗೆಯ ಸಂಜೆಗಳಲ್ಲಿ ವಿದ್ಯುತ್ತು ಹೋಗುವುದು ನಿತ್ಯದ ಮಾತಾಗಿದ್ದ ಕಾಲ. ಮೇಣದ ಬತ್ತಿ ಉರಿದು ಗಿಡ್ಡವಾಗುವುದನ್ನೇ ನೋಡುತ್ತ ಕುಳಿತವಳು, ‘ಅಪ್ಪಾ, ಉರಿದ ಮೇಣ ಎಲ್ಲಿಗೆ ಹೋಗುತ್ತೆ?’ ಎಂದಳು. ನನಗೆ ತಿಳಿದಿರಲಿಲ್ಲ. ‘ಗೊತ್ತಿಲ್ಲಮ್ಮ, ನೋಡೋಣ’ ಎಂದೆ. ಅಡಿಗೆಮನೆಯಿಂದ ನನ್ನ ಪತ್ನಿ, ‘ಗ್ಯಾಸ್ ಒಲೆ ಮೇಲೆ ತಣ್ಣಗಿರೋ ಪಾತ್ರೆ ಇಟ್ಟ ಕೂಡಲೆ ತಳ ಬೆವರುತ್ತಲ್ಲ, ಇದಕ್ಕೂ ಹಾಗೇ ಮಾಡಿ ನೋಡಿ’ ಎಂದು ಸ್ಟೀಲಿನ ಲೋಟವೊಂದನ್ನು ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಒರೆಸಿ ತಂದುಕೊಟ್ಟಳು. ಲೋಟವನ್ನು ಬೋರಲು ಮಾಡಿ ಜ್ವಾಲೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಹಿಡಿದೆವು. ಒಳಮೈಯಲ್ಲಿ ಮಂಜಿನಂತೆ ತೇವ ಕೂತಿತು. ಮಗಳು ಬೆರಳಿಂದ ಮುಟ್ಟಿ ನೋಡಿ, ‘ಬೆಂಕಿ ಒಳಗೆ ನೀರು ಎಲ್ಲಿಂದ ಬಂತು?’ ಎಂದು ಕೇಳಿದಳು. ಒಂದು ಪ್ರಶ್ನೆ ಎರಡಾಯಿತು.

ಮರುದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಹೋದ್ಯೋಗಿಯೊಬ್ಬರನ್ನು ವಿಚಾರಿಸಿದೆ. ಮೇಣದಲ್ಲಿ ಜಲಜನಕವೂ ಇಂಗಾಲವೂ ಇವೆ. ಉರಿಯುವಾಗ ಜಲಜನಕ ಗಾಳಿಯ ಆಮ್ಲಜನಕದೊಡನೆ ಸೇರಿ ನೀರಿನ ಆವಿಯಾಗುತ್ತದೆ, ಇಂಗಾಲ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಮಾಯವಾದಂತೆ ತೋರುವ ಮೇಣ ಹೀಗೆ ಕೋಣೆಯ ಗಾಳಿಯಲ್ಲೇ ಇರುತ್ತದೆ ಎಂದು ಅವರು ವಿವರಿಸಿದರು. ಫ್ಯಾರಡೆಯ ಪುಸ್ತಕವನ್ನು ಗ್ರಂಥಾಲಯದಿಂದ ತೆಗೆಸಿಕೊಟ್ಟವರೂ ಅವರೇ. ಅದರ ಬೆಳಕಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆವು. ಬತ್ತಿಯನ್ನು ಊದಿ ಆರಿಸಿದಾಗ ಬಿಳಿಯ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಹೊತ್ತಿದ ಕಡ್ಡಿಯನ್ನು ಬತ್ತಿಗೆ ಮುಟ್ಟಿಸದೆ ಆ ಎಳೆಗೆ ಹಿಡಿದರೆ, ಜ್ವಾಲೆ ಎಳೆಯ ಗುಂಟ ಕೆಳಕ್ಕೆ ಹಾರಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ನಾವು ಹೊಗೆ ಎನ್ನುವುದು ಮೇಣದ ಆವಿ; ಉರಿಯುವುದು ಆ ಆವಿಯೇ ಹೊರತು ಘನವಾದ ಮೇಣ ಅಲ್ಲ. ದೊಡ್ಡವರು ಪಕ್ಕದಲ್ಲಿದ್ದು ಮಕ್ಕಳಿಗೆ ಇದನ್ನು ತೋರಿಸಬೇಕು. ಜ್ವಾಲೆ ಗಾಳಿಯಲ್ಲಿ ನೆಗೆದಾಗ ಮಗುವಿನ ಮುಖವನ್ನು ನೋಡಿದವರಿಗೆ ಪ್ರಶಸ್ತಿಪತ್ರಗಳ ಮೇಲೆ ಹೆಚ್ಚು ಆಸೆ ಉಳಿಯುವುದಿಲ್ಲ.

ಪ್ರಶ್ನೆಗೆ ಜೊತೆಯಾಗುವುದೆಂದು ನಾನು ಹೇಳುವುದು ಇಷ್ಟನ್ನೇ. ನನಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ; ಪತ್ನಿಗೆ ಒಲೆಯ ಅನುಭವವಿತ್ತು; ಗೊತ್ತಿದ್ದವರು ಯಾರೆಂಬುದು ನಮಗೆ ಗೊತ್ತಿತ್ತು. ಪ್ರಶ್ನೆ ಒಂದು ರಾತ್ರಿ ಮನೆಯಲ್ಲಿ ತಂಗಿತು. ಉತ್ತರ ಬಂದಾಗ ಅದಕ್ಕೆ ಜಾಗ ಸಿದ್ಧವಾಗಿತ್ತು.

ತಾಯಿತಂದೆಯರು ಕೊಡಬಹುದಾದ ಎರಡನೆಯ ವಸ್ತು ಭಾಷೆ. ಜಗದೀಶಚಂದ್ರ ಬೋಸರ ತಂದೆ ಭಗವಾನ್ ಚಂದ್ರ ಬೋಸ್ ಬಂಗಾಳದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದವರು. ಆ ಅಂತಸ್ತಿನವರೆಲ್ಲ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುತ್ತಿದ್ದ ಕಾಲದಲ್ಲಿ ಅವರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಮಗು ಮೊದಲು ತನ್ನ ಮಾತನ್ನೂ ತನ್ನ ಜನರನ್ನೂ ಅರಿಯಬೇಕೆಂಬುದು ಅವರ ನಿಲುವು. ಅಲ್ಲಿ ಹುಡುಗನ ಪಕ್ಕದಲ್ಲಿ ಕುಳಿತವರು ಮನೆಯ ಆಳಿನ ಮಗ, ಬೆಸ್ತರವನ ಮಗ. ಅವರು ಹೇಳುತ್ತಿದ್ದ ಹಕ್ಕಿಗಳ, ಪ್ರಾಣಿಗಳ, ಜಲಚರಗಳ ಕಥೆಗಳನ್ನು ಕೇಳಿಯೇ ಪ್ರಕೃತಿಯಲ್ಲಿ ತನಗೆ ಆಸಕ್ತಿ ಮೂಡಿರಬೇಕೆಂದು ಬೋಸರು 1915ರಲ್ಲಿ ನೆನಪಿಸಿಕೊಂಡರು.

ಬೋಸರು ಮುಂದೆ ಪರೀಕ್ಷಿಸಿದ ಗಿಡಗಳಲ್ಲಿ ನಮ್ಮ ‘ಮುಟ್ಟಿದರೆ ಮುನಿ’ಯೂ ಒಂದು. ಈ ಹೆಸರನ್ನು ಸ್ವಲ್ಪ ಬಿಡಿಸಿ ನೋಡಿ. ಮುನಿ ಎಂದರೆ ಇಲ್ಲಿ ತಪಸ್ವಿಯಲ್ಲ, ಮುನಿಸಿಕೊಳ್ಳುವುದು, ಸಿಟ್ಟಾಗುವುದು. ಅದೇ ಗಿಡಕ್ಕೆ ‘ನಾಚಿಕೆ ಮುಳ್ಳು’ ಎಂಬ ಇನ್ನೊಂದು ಹೆಸರೂ ಉಂಟು. ಈ ಗಿಡದ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಪರದೇಶದಿಂದ ಬಂದ ಹೊಸ ಗಿಡವೊಂದನ್ನು ನಮ್ಮ ರೈತಾಪಿ ಜನ ಮುಟ್ಟಿ, ನೋಡಿ, ಆಲೋಚಿಸಿ ಎರಡು ಹೆಸರು ಇಟ್ಟರು. ಎರಡು ಹೆಸರು ಎಂದರೆ ಎರಡು ಊಹೆ. ಸಿಟ್ಟೋ, ನಾಚಿಕೆಯೋ? ಮಗಳು ಇದನ್ನು ಕೇಳಿದಾಗ ನಾವು ಒಂದು ಎಲೆಯನ್ನು ಭೂತಗನ್ನಡಿಯಿಂದ ನೋಡಿದೆವು. ಎಲೆಯ ತೊಟ್ಟಿನ ಬುಡದಲ್ಲೂ ಒಂದೊಂದು ಕಿರುಎಲೆಯ ಬುಡದಲ್ಲೂ ಸಣ್ಣ ಉಬ್ಬಿದ ಗಂಟುಗಳಿವೆ. ಮುಟ್ಟಿದೊಡನೆ ಗಂಟಿನ ಒಂದು ಪಕ್ಕದ ಕೋಶಗಳು ನೀರನ್ನು ಹೊರಬಿಟ್ಟು ಬಿಗಿ ಕಳೆದುಕೊಳ್ಳುತ್ತವೆ. ಆ ಪಕ್ಕ ಕುಸಿಯುವುದರಿಂದ ಎಲೆ ಮಡಿಸಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ನೀರು ಮರಳಿ ಬಂದು ಎಲೆ ಅರಳುತ್ತದೆ. ಸಿಟ್ಟೂ ಇಲ್ಲ, ನಾಚಿಕೆಯೂ ಇಲ್ಲ. ಆದರೂ ಹೆಸರು ನಿರರ್ಥಕವಾಗಲಿಲ್ಲ. ನೋಡಬೇಕಾದದ್ದು ಏನೆಂದು ತೋರಿಸಿಕೊಟ್ಟದ್ದು ಆ ಹೆಸರೇ. ಮರವನ್ನು ಕುಟುಕುವ ಹಕ್ಕಿಗೆ ಮರಕುಟಿಗ ಎಂದವರೂ ಇಂಥ ನೋಟಗಾರರೇ.

ಕನ್ನಡ ಓದಿದವರಿಗೂ ವಿಜ್ಞಾನಕ್ಕೂ ಸಂಬಂಧವಿಲ್ಲ ಎನ್ನುವವರು ನಮ್ಮದೇ ಚರಿತ್ರೆಯನ್ನು ಮರೆತಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಪ್ರಮುಖರು. ಪಂಪಭಾರತವನ್ನು ಸಂಪಾದಿಸಿದವರೂ ಅವರೇ. ಕಾಲೇಜನ್ನು ನಡುವೆ ಬಿಟ್ಟ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನೂ ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಬರೆದರು. ಗಣಿತದ ಜಿ.ಟಿ. ನಾರಾಯಣರಾಯರು ಕನ್ನಡಿಗರಿಗೆ ನಕ್ಷತ್ರಗಳ ಹೆಸರು ಹೇಳಿಕೊಟ್ಟರು. ಕವಿ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ಎಂ.ಎ. ಮಾಡಿ ಮೂಡಿಗೆರೆಯ ತೋಟಕ್ಕೆ ಹೋದರು; ಹಾರುವ ಓತಿಯೊಂದನ್ನು ಅರಸಿಹೋಗುವ ಅವರ ‘ಕರ್ವಾಲೊ’ 1980ರಲ್ಲಿ ಬಂತು. ನನ್ನ ಕಪಾಟಿನಲ್ಲಿ ಈ ಪುಸ್ತಕಗಳೆಲ್ಲ ಸಾಹಿತ್ಯವೆಂದೇ ಬಂದು ಕುಳಿತಿದ್ದವು. ಮಗಳು ಅವನ್ನು ವಿಜ್ಞಾನವೆಂದು ಓದಿಕೊಂಡಳು. ಒಂದೇ ಪುಸ್ತಕ ಇಬ್ಬರಿಗೂ ದಕ್ಕಿತು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು: ಹಿರಿಯರು ಹೇಳಿದ್ದನ್ನೂ ಪರೀಕ್ಷಿಸುವ ಸ್ವಾತಂತ್ರ್ಯ. ನಮ್ಮ ಸಂವಿಧಾನಕ್ಕೆ 1976ರಲ್ಲಿ ಆದ 42ನೆಯ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಹೇಳಿತು. ಕಾಗದದ ಮೇಲೆ ಇದು ಸುಲಭ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೂ ಹದಿನಾರು ದಾಟಿದ ಮೊಮ್ಮಗಳೂ ಒಂದೇ ನಡುಮನೆಯಲ್ಲಿದ್ದು, ಹೊರಗೆ ಸೂರ್ಯಗ್ರಹಣ ಹಿಡಿದಿರುವಾಗ ಅದು ಅಷ್ಟು ಸುಲಭವಲ್ಲ.

2010ರ ಜನವರಿ 15ರಂದು ಕಂಕಣ ಗ್ರಹಣವಾಯಿತು. ಕನ್ಯಾಕುಮಾರಿ, ರಾಮೇಶ್ವರಗಳಲ್ಲಿ ಸೂರ್ಯ ಬಂಗಾರದ ಬಳೆಯಾದ. ನಮ್ಮಲ್ಲಿ ಕಂಡದ್ದು ಪಾರ್ಶ್ವಗ್ರಹಣ. ನನ್ನ ತಾಯಿ ಬೆಳಗಿನಿಂದ ಉಪವಾಸ. ಉಪ್ಪಿನಕಾಯಿ ಜಾಡಿಗೂ ದರ್ಭೆ. ಮಗಳು ಹಿತ್ತಿಲ ಹೊಂಗೆಮರದ ಕೆಳಗೆ ನಿಂತು ನಮ್ಮನ್ನು ಕೂಗಿದಳು. ನೆಲದ ತುಂಬ ನೂರಾರು ಪುಟ್ಟ ಚಂದ್ರಕಲೆಗಳು! ಎಲೆಗಳ ನಡುವಿನ ಸಂದುಗಳಿಂದ ತೂರಿಬಂದ ಬೆಳಕು ಒಂದೊಂದು ಕಡೆಯೂ ಕತ್ತರಿಸಿದ ಸೂರ್ಯನ ಆಕಾರದಲ್ಲಿ ಬಿದ್ದಿತ್ತು. ಸಣ್ಣ ರಂಧ್ರದಿಂದ ಬಂದ ಬೆಳಕು ದೂರದಲ್ಲಿ ಬಿದ್ದಾಗ ಮೂಡುವುದು ರಂಧ್ರದ ಆಕಾರವಲ್ಲ, ಸೂರ್ಯನ ಆಕಾರ. ಮರದ ನೆರಳಿನಲ್ಲಿ ದಿನವೂ ಕಾಣುವ ದುಂಡನೆಯ ಬಿಸಿಲುಬೊಟ್ಟುಗಳೂ ಸೂರ್ಯನ ಬಿಂಬಗಳೇ. ಗ್ರಹಣದ ದಿನ ಬಿಂಬ ಕತ್ತರಿಸಿಹೋಗುವುದರಿಂದ ನಮಗೆ ಅದು ತಿಳಿಯುತ್ತದೆ, ಅಷ್ಟೆ. ಸೂರ್ಯನನ್ನು ಬರಿಗಣ್ಣಿನಿಂದ ಎಂದಿಗೂ ನೋಡಬಾರದು. ಆದರೆ ಈ ಬಿಂಬಗಳನ್ನು ನೋಡುವುದರಿಂದ ಯಾವ ಅಪಾಯವೂ ಇಲ್ಲ.

ಅಜ್ಜಿ ಹೊರಗೆ ಬರುವವರಲ್ಲ. ಮಗಳು ವಾದಕ್ಕೆ ಇಳಿಯಲಿಲ್ಲ. ಅಡಿಗೆಮನೆಯಿಂದ ಜರಡಿಯನ್ನು ತಂದು, ದಕ್ಷಿಣದ ಕಿಟಕಿಯಿಂದ ನಡುಮನೆಗೆ ಬೀಳುತ್ತಿದ್ದ ಬಿಸಿಲಿಗೆ ಎತ್ತರದಲ್ಲಿ ಹಿಡಿದಳು. ಕೆಂಪು ನೆಲದ ಮೇಲೆ ಸಾಲುಸಾಲಾಗಿ ಚಂದ್ರಕಲೆಗಳು ಬಿದ್ದವು. ‘ಏನೇ ಅದು?’ ಎಂದರು ಅಜ್ಜಿ. ‘ಸೂರ್ಯ ಅಜ್ಜಿ. ನೀವು ಆಚೆ ಬರಲ್ಲ ಅಂತ ಅವನೇ ಒಳಗೆ ಬಂದಿದಾನೆ.’ ಅಜ್ಜಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಉಪವಾಸವನ್ನು ಬಿಡಲಿಲ್ಲ, ಮೋಕ್ಷಕಾಲದ ಸ್ನಾನವನ್ನೂ ಬಿಡಲಿಲ್ಲ. ಆದರೆ ಮುಂದಿನ ವಾರ ಬಂದವರಿಗೆಲ್ಲ ಜರಡಿಯ ಕಥೆಯನ್ನು ಹೇಳಿದರು.

ಕೆಲವು ದಿನಗಳ ಮೇಲೆ ಮಗಳು ರಟ್ಟಿನಲ್ಲಿ ಒಂದೇ ರಂಧ್ರ ಮಾಡಿ, ಎರಡು ಮೀಟರ್ ದೂರದ ಬಿಳಿಯ ಹಾಳೆಯ ಮೇಲೆ ಸೂರ್ಯನ ಬಿಂಬವನ್ನು ಬೀಳಿಸಿ ಅಳೆದಳು. ಅಗಲ ಸುಮಾರು 19 ಮಿಲಿಮೀಟರ್. ಎಂದರೆ ದೂರ ಅಗಲದ ಸುಮಾರು 105 ಪಟ್ಟು. ಸೂರ್ಯನಿಗೂ ಅವನ ದೂರಕ್ಕೂ ಅದೇ ಪ್ರಮಾಣವಿರಬೇಕು. ದೂರ ಸುಮಾರು 15 ಕೋಟಿ ಕಿಲೋಮೀಟರ್ ಎಂದು ಪುಸ್ತಕದಿಂದ ತೆಗೆದುಕೊಂಡು ಭಾಗಿಸಿದರೆ, ಸೂರ್ಯನ ವ್ಯಾಸ 14 ಲಕ್ಷ ಕಿಲೋಮೀಟರಿನ ಆಸುಪಾಸು ಬಂತು. ಪುಸ್ತಕದ ಲೆಕ್ಕ ಸುಮಾರು 13 ಲಕ್ಷ 90 ಸಾವಿರ. ಜರಡಿಯಲ್ಲಿ ಹುಟ್ಟಿದ ಒಂದು ಆಲೋಚನೆ ಸೂರ್ಯನ ಅಳತೆಯವರೆಗೆ ಹೋಗಿತ್ತು. ನಾನು ಕಾವ್ಯಗಳಲ್ಲಿ ಸೂರ್ಯೋದಯದ ವರ್ಣನೆಗಳನ್ನು ಎಷ್ಟೋ ಬಾರಿ ಪಾಠ ಹೇಳಿದ್ದೇನೆ. ಆ ಸಂಜೆ ಆ ಚಿಕ್ಕ ಭಾಗಾಕಾರದ ಹಾಳೆಯನ್ನು ಓದಿದಾಗಲೂ ಅದೇ ಬಗೆಯ ಪುಳಕವಾಯಿತು.

ಆ ವರ್ಷವೇ ನಮ್ಮ ಮನೆಗೆ ನಿಜವಾದ ಪರೀಕ್ಷೆ ಬಂತು. ಪಿ.ಯು.ಸಿ. ಮುಗಿಯಿತು, ಸಿ.ಇ.ಟಿ.ಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಮಗಳು ತನಗೆ ಬಿ.ಎಸ್ಸಿ. ಸಾಕು, ಭೌತವಿಜ್ಞಾನ ಓದುತ್ತೇನೆ ಎಂದಳು. ಬಂಧುಗಳು ಮನೆಗೆ ಬಂದು ಬುದ್ಧಿ ಹೇಳಿದರು. ಕೈಗೆ ಬಂದ ಸೀಟನ್ನು ಯಾರಾದರೂ ಬಿಡುತ್ತಾರೆಯೆ, ಹೆಣ್ಣುಮಗಳು, ನಾಳೆ ಕೆಲಸಕ್ಕೇನು ಗತಿ ಎಂದರು. ಅವರ ಮಾತಿನಲ್ಲಿ ಅಕ್ಕರೆಯಿತ್ತು, ಲೋಕಜ್ಞಾನವೂ ಇತ್ತು. ಇಂಜಿನಿಯರಿಂಗ್ ಒಂದು ಘನವಾದ ವಿದ್ಯೆ. ಅದನ್ನು ಬಯಸುವವರಿಗೆ ಅದು ಸಲ್ಲಬೇಕು. ನನ್ನ ಪತ್ನಿ ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ನಾನು ಮಗಳನ್ನು ಕೂರಿಸಿಕೊಂಡು, ‘ಮುಂದೆ ಏನಾಗಬಹುದು ಅಂತ ಯೋಚನೆ ಮಾಡಿದೀಯಾ?’ ಎಂದು ಕೇಳಿದೆ. ‘ಮುಂದೆ ಏನು ಕೆಲಸ ಸಿಗುತ್ತೋ ಗೊತ್ತಿಲ್ಲಪ್ಪ. ನಾಳೆ ಬೆಳಿಗ್ಗೆ ಎದ್ದು ಯಾವ ಪುಸ್ತಕ ತೆಗೀತೀನಿ ಅನ್ನೋದು ಗೊತ್ತು’ ಎಂದಳು. ಅಷ್ಟು ವರ್ಷ ಪ್ರಶ್ನೆ ಕೇಳು ಎಂದು ಬೆಳೆಸಿ, ಉತ್ತರವನ್ನು ಅವಳೇ ಕಂಡುಕೊಂಡ ದಿನ ಬೇಡವೆನ್ನುವುದು ನನ್ನಿಂದಾಗಲಿಲ್ಲ. ಸೀಟನ್ನು ಬಿಟ್ಟೆವು.

ಬಂಧುಗಳ ಆತಂಕ ಪೂರ್ತಿ ಹುಸಿಯಾಗಲಿಲ್ಲ ಎಂಬುದನ್ನೂ ಹೇಳಬೇಕು. ಎಂ.ಎಸ್ಸಿ. ಆದ ಮೇಲೆ ಅವಳು ಕೆಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ, ಕಡಿಮೆ ಸಂಬಳಕ್ಕೆ, ದಿನವೂ ಬಸ್ಸಿನಲ್ಲಿ ಓಡಾಡಿ ಪಾಠ ಹೇಳಿದಳು. ಜೊತೆಯಲ್ಲಿ ಓದಿದವರು ಬೆಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದ ಕಾಲ ಅದು. ಈಗ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಕಾಯಂ ಆಗಿದ್ದಾಳೆ. ಅವಳ ಹೆಸರು ಪತ್ರಿಕೆಗಳಲ್ಲಿ ಬಂದಿಲ್ಲ. ಯಾವ ಶೋಧವೂ ಅವಳ ಹೆಸರಿನಲ್ಲಿಲ್ಲ. ಮೊನ್ನೆ ಅವಳ ತರಗತಿಯ ಹೊರಗೆ ನಿಂತು ಕೇಳುವ ಅವಕಾಶ ಒದಗಿತ್ತು. ಹಳ್ಳಿಯಿಂದ ಬಂದ ಹುಡುಗನೊಬ್ಬ ಏನನ್ನೋ ಕೇಳಿದ. ಅವಳು ಕ್ಷಣಕಾಲ ಸುಮ್ಮನಿದ್ದು, ‘ಇದು ನನಗೂ ಗೊತ್ತಿಲ್ಲ. ನಾಳೆ ಪ್ರಯೋಗಶಾಲೆಯಲ್ಲಿ ಮಾಡಿ ನೋಡೋಣ’ ಎಂದಳು, ಅಚ್ಚ ಕನ್ನಡದಲ್ಲಿ. ನನ್ನ ಹೆಮ್ಮೆಗೆ ಆಧಾರ ಕೇಳಿದರೆ ಇದಕ್ಕಿಂತ ಹೆಚ್ಚಿನದನ್ನು ನಾನು ತೋರಿಸಲಾರೆ; ಹೆಚ್ಚಿನದು ಬೇಕೆಂದೂ ಅನ್ನಿಸಿಲ್ಲ.

ಇಂದಿನ ತಂದೆತಾಯಿಯರ ಕಷ್ಟ ಬೇರೆ. ನಮ್ಮ ಕಾಲದಲ್ಲಿ ಉತ್ತರಗಳು ದುರ್ಲಭವಾಗಿದ್ದವು. ಈಗ ಕೈಯಲ್ಲಿರುವ ಫೋನು ಮಗು ಬಾಯಿ ಮುಚ್ಚುವುದರೊಳಗೆ ಉತ್ತರ ಹೇಳುತ್ತದೆ. ಒಳ್ಳೆಯದೇ, ಜ್ಞಾನ ಎಲ್ಲರಿಗೂ ಎಟಕಲಿ. ಆದರೆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಇದ್ದ ಆ ಒಂದು ರಾತ್ರಿಯಲ್ಲಿ ಲೋಟ ತಣ್ಣೀರಿನಲ್ಲಿ ಅದ್ದುತ್ತದೆ, ಜರಡಿ ಬಿಸಿಲಿಗೆ ಬರುತ್ತದೆ, ಮಗು ತಾನೇ ಒಂದು ಊಹೆ ಮಾಡುತ್ತದೆ. ಆ ರಾತ್ರಿಯನ್ನು ಉಳಿಸಿಕೊಡುವ ಕೆಲಸ ಈಗ ತಂದೆತಾಯಿಯರ ಮೇಲೆ ಬಿದ್ದಿದೆ. ಫೋನನ್ನು ತೆಗೆಯುವ ಮೊದಲು ‘ನಿನಗೇನನ್ನಿಸುತ್ತೆ?’ ಎಂದು ಒಮ್ಮೆ ಕೇಳಿ. ಮಗು ಹೇಳಿದ್ದು ಸರಿಯಿರಲಿ, ಇಲ್ಲದಿರಲಿ, ಅದನ್ನು ಪರೀಕ್ಷಿಸುವ ದಾರಿ ಮನೆಯಲ್ಲೇ ಇದೆಯೆ ಎಂದು ಜೊತೆಗೂಡಿ ಹುಡುಕಿ. ಆಮೇಲೆ ಫೋನನ್ನೂ ಕೇಳಿ, ಪುಸ್ತಕವನ್ನೂ ಕೇಳಿ, ಬಲ್ಲವರನ್ನೂ ಕೇಳಿ.

ಎಲ್ಲ ಮಕ್ಕಳೂ ವಿಜ್ಞಾನಿಗಳಾಗಬೇಕಾಗಿಲ್ಲ. ಹಾಗೆ ಬೆಳೆದ ಮಗು ಮುಂದೆ ವ್ಯಾಪಾರ ಮಾಡಲಿ, ಬೇಸಾಯ ಮಾಡಲಿ, ನನ್ನಂತೆ ಹಳಗನ್ನಡ ಪಾಠ ಹೇಳಲಿ, ಕಂಡದ್ದನ್ನು ಬಗೆದು ನೋಡುವ ಅಭ್ಯಾಸ ಅದರ ಜೊತೆಗಿರುತ್ತದೆ. ಮಕ್ಕಳಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದು ಬಯಸಿ ಕುಳಿತರೆ ಬರುವಂಥದ್ದಲ್ಲ. ದಿನಕ್ಕೆ ಒಂದು ಪ್ರಶ್ನೆಯಂತೆ, ತಾಳ್ಮೆಯಿಂದ, ವರ್ಷಗಟ್ಟಲೆ ಸಿದ್ಧತೆ ಮಾಡಿಕೊಳ್ಳಬೇಕಾದ ಸೋಲು. ಕೇಳುತ್ತಿರುವ ತಮ್ಮೆಲ್ಲರಿಗೂ ಆ ಭಾಗ್ಯ ದೊರೆಯಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.